ಟಿಬೆಟ್ ಭಾಷೆಯ ಸಂಕರಗೋವಾಚಕ ಶಬ್ದಗಳು ಮತ್ತು ಅವುಗಳ ನಾನಾರ್ಥಗಳು

ನ್ಯಾಯಶಾಸ್ತ್ರದಲ್ಲಿ ಉಪಮಾನವೆಂಬ ಪ್ರಮಾಣವನ್ನು ವಿವರಿಸುವಾಗ ಗವಯದ ದೃಷ್ಟಾಂತವನ್ನು ಕೊಡುವುದು ಪ್ರಸಿದ್ಧವಾಗಿದೆ. ಗವಯವೆಂದರೇನೆಂದು ಅರಿಯದ ಪಟ್ಟಣಿಗನೊಬ್ಬನು, ಅದು ಹಸುವಿನಂತಿರುವ ಮೃಗವೆಂದು ಕಾಡಿನವನ ಬಾಯಿಂದ ಕೇಳುತ್ತಾನೆ. ಬಳಿಕ ಅರಣ್ಯಕ್ಕೆ ಹೋದಾಗ ಹಸುವನ್ನು ಹೋಲುವ ಮೃಗವೊಂದನ್ನು ಕಂಡು, ಹಿಂದೆ ಕೇಳಿದ ಮಾತನ್ನು ನೆನೆದು, ಗವಯಶಬ್ದಕ್ಕೆ ವಾಚ್ಯವಾದ ಪ್ರಾಣಿಯು ಇದೇ ಎಂದು ನಿಶ್ಚಯಿಸುತ್ತಾನೆ. ಸಂಜ್ಞೆಗೂ ಸಂಜ್ಞಿಗೂ ಇರುವ ಸಂಬಂಧದ ಈ ಅರಿವಿಗೆ ಉಪಮಿತಿಯೆಂದು ಹೆಸರು. ಇದಕ್ಕೆ ಸಾಧನವಾದುದು ಸಾದೃಶ್ಯಜ್ಞಾನ.

ಆದರೆ ಸಾದೃಶ್ಯಮಾತ್ರದಿಂದ ಹೆಸರನ್ನು ನಿಶ್ಚಯಿಸಲಾಗದ ಪ್ರಾಣಿಗಳೂ ಲೋಕದಲ್ಲುಂಟು. ಟಿಬೆಟ್ ದೇಶದಲ್ಲಿಯೂ ಅದಕ್ಕೆ ಹೊಂದಿಕೊಂಡಿರುವ ಹಿಮವತ್ಪ್ರಾಂತಗಳಲ್ಲಿಯೂ ಚಮರಜಾತಿ ಮತ್ತು ಗೋಜಾತಿಗಳ ಸಂಕರದಿಂದ ಹುಟ್ಟುವ ದನಗಳು ಇಂತಹವು. ಇವುಗಳಲ್ಲಿ ಕೆಲವು ಹಸುವಿನಂತೆಯೂ ಕೆಲವು ಚಮರದಂತೆಯೂ ತೋರುವುವು. ಕಣ್ಣಿಗೆ ಒಂದೇ ಬಗೆಯಾಗಿ ಕಾಣುವ ಎರಡು ಪಶುಗಳಿಗೆ ಬೇರೆ ಬೇರೆ ಹೆಸರುಗಳಿರುವುದೂ, ಕಣ್ಣಿಗೆ ಬೇರೆಯಾಗಿ ಕಾಣುವ ಎರಡಕ್ಕೆ ಒಂದೇ ಹೆಸರಿರುವುದೂ ಅಲ್ಲಿ ಸಾಮಾನ್ಯ. ಏಕೆಂದರೆ ಆ ಹೆಸರುಗಳು ಆಕಾರವನ್ನು ನೋಡಿ ಇಟ್ಟವುಗಳಲ್ಲ. ತಾಯಿ ಯಾವುದು, ತಂದೆ ಯಾವುದು, ಹೆಣ್ಣೋ ಗಂಡೋ, ಎಷ್ಟನೆಯ ತಲೆಮಾರಿನದು ಎಂಬುದನ್ನು ತಿಳಿದು ಇಟ್ಟವುಗಳು. ಈ ಶಬ್ದಗಳ ಸ್ವರೂಪವನ್ನೂ, ಅವುಗಳೊಡನೆ ಬೆರೆತು ಬರುವ ಇತರ ಪಶುವಾಚಕಗಳ ನಾನಾರ್ಥಗಳನ್ನೂ ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

೧. ಬರಹ ಮತ್ತು ಉಚ್ಚಾರಣೆ

ಶಬ್ದಗಳ ವಿಚಾರಕ್ಕೆ ಮೊದಲು ಟಿಬೆಟ್ ಬರಹದ ಒಂದು ಧರ್ಮವನ್ನು ತಿಳಿದಿರಬೇಕು. ಭಾರತೀಯ ಲಿಪಿಯೊಂದರಿಂದ ಹುಟ್ಟಿದ ಆ ಲಿಪಿಯಲ್ಲಿ ಪ್ರಾಚೀನಕಾಲದ ಉಚ್ಚಾರಣೆಯು ಹಾಗೆಯೇ ನಿಂತಿದೆ. ಲ್ಹಾಸಾ ಮೊದಲಾದ ಮಧ್ಯಪ್ರಾಂತದ ಮಾತಿನಲ್ಲಿ ಪದಾದಿಯ ಅನೇಕ ವ್ಯಂಜನಗಳು ಲುಪ್ತವಾಗಿವೆ. ಗಂಡು ಚಮರವನ್ನು ‘ಗ್‌ಯಗ್’ ಎಂದು ಬರೆಯುವರು. ಗಕಾರವನ್ನುಳಿದು ‘ಯಾಕ್’ ಎಂದು ಉಚ್ಚರಿಸುವರು. ಸಂಕರಪಶುವನ್ನು ‘ಮ್‌ದ್ಜೊ’ ಎಂದು ಬರೆದು ‘ದ್ಜೊ’ ಎಂದು ನುಡಿಯುವರು. ಹೀಗೆ ಲೋಪವಾದ ವ್ಯಂಜನವು ಸಮಾಸದ ನಡುವೆ ಬಂದರೆ ಕೆಲವೊಮ್ಮೆ ಮತ್ತೆ ತಲೆಯೆತ್ತುವುದುಂಟು. ಹತ್ತಕ್ಕೆ ‘ಚು’ ಎಂದೂ ನಾಲ್ಕಕ್ಕೆ ‘ಶಿ’ ಎಂದೂ ಹೇಳುವವರು ಹದಿನಾಲ್ಕಕ್ಕೆ ‘ಚುಶಿ’ ಎನ್ನದೆ ‘ಚುಪ್‌ಶಿ’ ಎನ್ನುವರು. ನಾಲ್ಕು ಎಂಬ ಪದದ ಆದಿಯಲ್ಲಿ ಬರೆಯಲ್ಪಟ್ಟು ಲುಪ್ತವಾಗಿದ್ದ ಬಕಾರವೇ ಇಲ್ಲಿ ಪಕಾರವಾಗಿ ಕೇಳಿಬರುವುದು. ಈ ನಿಯಮವು ಮುಂದೆ ಒಂದು ಶಬ್ದದ ನಿರ್ಣಯಕ್ಕೆ ಉಪಯೋಗವಾಗುವುದು.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕುಂಟು. ಟಿಬೆಟ್ ಭಾಷೆಯಲ್ಲಿ ತಾಲವ್ಯವಾದ ಜಕಾರವೂ ದಂತ್ಯವಾದ ‘ದ್ಜ’ ಎಂಬ ಧ್ವನಿಯೂ ಬೇರೆ ಬೇರೆ ಅಕ್ಷರಗಳು. ಎರಡನ್ನೂ ‘ಜ’ ಎಂದು ಬರೆದರೆ, ಸಂಕರಪಶುವನ್ನು ಹೇಳುವ ಶಬ್ದವೂ, ಹಾಲು ಕರೆಯುವುದೆಂಬರ್ಥದ ಧಾತುವೂ, ಒಡೆಯನೆಂಬರ್ಥದ ‘ಜೊ-ಬೊ’ ಎಂಬುದರ ಮೊದಲ ಭಾಗವೂ ಒಂದೇ ರೂಪವನ್ನು ಹೊಂದುವುವು. ಅಂತೆಯೇ ಕೋಶ ಅಥವಾ ಭಂಡಾರವೆಂಬರ್ಥದ ‘ಮ್‌ದ್ಜೊದ್’ ಎಂಬ ಪದಕ್ಕೂ ಸಂಕರವಾಚಕಕ್ಕೂ ಬರಹದಲ್ಲಿ ಕೊನೆಯ ದಕಾರವೊಂದೇ ಭೇದಕ. ಅಭಿಧರ್ಮಕೋಶವೂ ಅಮರಕೋಶವೂ ಟಿಬೆಟಿನಲ್ಲಿ ‘ಮ್‌ದ್ಜೊದ್’ ಎಂಬ ಪದದಿಂದಲೇ ಕರೆಯಲ್ಪಡುವುವು. ಅಜಾಗ್ರತೆಯಿಂದ ಅಕ್ಷರವೊಂದನ್ನು ಬಿಟ್ಟರೆ ವಸುಬಂಧುವಿನ ಮಹಾಗ್ರಂಥವು ದನದ ಕೊಟ್ಟಿಗೆಯನ್ನು ಸೇರಬೇಕಾಗುವುದು.

೨. ಚಮರಜಾತಿಯ ಹೆಸರುಗಳು

ಸಂಕರದ ಹೆಸರನ್ನು ತಿಳಿಯಬೇಕಾದರೆ ಮೂಲಜಾತಿಗಳ ಹೆಸರನ್ನು ಮೊದಲು ತಿಳಿಯಬೇಕು. ಚಮರವು ಸಾಮಾನ್ಯವಾಗಿ ಸಮುದ್ರಮಟ್ಟದಿಂದ ೩,೦೦೦ ಮೀಟರುಗಳಿಗೆ ಮೇಲ್ಪಟ್ಟ ಶೀತಭೂಮಿಯಲ್ಲಿ ಸುಖವಾಗಿ ಬಾಳುವುದು. ಅದಕ್ಕೆ ಮೈತುಂಬ ಉದ್ದವಾದ ಕೂದಲು, ಬಾಲವು ಕುಚ್ಚಿನಂತಹುದು, ಗಂಗೆದೊಗಲು ಇಲ್ಲ. ಹಸುವಿನಂತೆ ಅಂಬಾ ಎನ್ನದೆ ಗುರುಗುಟ್ಟುವುದರಿಂದ ೧೭೬೬ರಲ್ಲಿ ಲಿನೇಯಸ್ ಪಂಡಿತನು ಅದಕ್ಕೆ ಗುರುಗುಟ್ಟುವ ವೃಷಭವೆಂಬರ್ಥದ ಲ್ಯಾಟಿನ್ ನಾಮವನ್ನಿಟ್ಟನು. ಸಾಸ್ನಾವತ್ತ್ವವನ್ನೇ, ಎಂದರೆ ಗಂಗೆದೊಗಲಿರುವುದನ್ನೇ, ಗೋವಿನ ಲಕ್ಷಣವೆಂದು ಹೇಳುವ ತಾರ್ಕಿಕರ ಮತದಂತೆ ಚಮರವು ಗೋವಲ್ಲ. ಆದರೂ ಇವೆರಡು ಜಾತಿಗಳು ಕೂಡಿದರೆ ಸಂತಾನವುಂಟಾಗುವುದು.

ಟಿಬೆಟಿಗರು ‘ಯಾಕ್’ ಎಂಬ ಹೆಸರನ್ನು ಗಂಡಿಗೆ ಮಾತ್ರ ಹೇಳುವರು. ಹೆಣ್ಣಿಗೆ ‘ಬ್ರಿ’ ಎಂದು ಬರೆದು ‘ಡ್ರಿ’ ಎಂದು ನುಡಿಯುವರು. ನೇಪಾಳದ ಶೆರ್ಪಾ ಜನರಲ್ಲಿ ಇದಕ್ಕೆ ‘ನಕ್’ ಎಂದು ಹೆಸರು. ಸಾಕದ ಕಾಡುಚಮರಕ್ಕೆ ‘ಡ್ರೊಂಗ್’ ಎಂಬ ಮೂರನೆಯ ಶಬ್ದವಿದೆ. ಕನ್ನಡದಲ್ಲಿ ಕೋಣ, ಎಮ್ಮೆ ಎಂಬ ಪದಗಳು ಒಂದೇ ಜಾತಿಯ ಗಂಡುಹೆಣ್ಣುಗಳನ್ನು ಹೇಳುತ್ತಿದ್ದರೂ ಹೇಗೆ ಬೇರೆ ಬೇರೆ ಪ್ರಕೃತಿಗಳೋ ಹಾಗೆಯೇ ಯಾಕ್, ಡ್ರಿ ಎಂಬುವೂ ಬೇರೆ ಬೇರೆ ಪ್ರಕೃತಿಗಳು. ೧೭೮೩ರಲ್ಲಿ ಟಿಬೆಟಿಗೆ ರಾಯಭಾರಿಯಾಗಿ ಹೋಗಿ ೧೮೦೦ರಲ್ಲಿ ತನ್ನ ಪ್ರವಾಸಗ್ರಂಥವನ್ನು ಪ್ರಕಟಿಸಿದ ಸ್ಯಾಮ್ಯುಯಲ್ ಟರ್ನರ್ ಮೊದಲಾದವರ ಬರಹಗಳ ಮೂಲಕ ‘ಯಾಕ್’ ಪದವು ಯೂರೋಪಿನಲ್ಲಿ ಹರಡಿ, ಅಲ್ಲಿ ಇಡೀ ಜಾತಿಗೆ ಹೆಸರಾಯಿತು. ಅಲ್ಲಿಂದ ಭಾರತೀಯ ಭಾಷೆಗಳಿಗೂ ಅದೇ ಅರ್ಥದಲ್ಲಿ ಬಂದಿತು. ಇದರ ಫಲವಾಗಿ ‘ಯಾಕಿನ ಹಾಲು’, ‘ಯಾಕಿನ ಬೆಣ್ಣೆ’ ಎಂಬ ಮಾತುಗಳು ಪುಸ್ತಕಗಳಲ್ಲಿ ನಿರಾತಂಕವಾಗಿ ಸಂಚರಿಸುತ್ತಿವೆ. ಟಿಬೆಟಿನ ಗೊಲ್ಲನ ಕಿವಿಗೆ ಇದು ಎತ್ತಿನ ಹಾಲೆಂದಂತೆ ಕೇಳುವುದು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟೆಂಬ ಗಾದೆಯನ್ನು ಬಲ್ಲ ಕನ್ನಡಿಗರಿಗೆ ಇದರ ಹಾಸ್ಯವನ್ನು ವಿವರಿಸಬೇಕಾಗಿಲ್ಲ.

ಗೋಜಾತಿಯಲ್ಲಿ ಹಸುವಿಗೆ ‘ಬ’ ಎಂದೂ, ಹೋರಿಗೆ ಅಥವಾ ಎತ್ತಿಗೆ ‘ಗ್ಲಂಗ್’ (ಉಚ್ಚಾರಣೆಯಲ್ಲಿ ‘ಲಂಗ್’) ಎಂದೂ ಹೆಸರು. ಈ ಎರಡನೆಯ ಪದದ ನಾನಾರ್ಥಗಳನ್ನು ಮುಂದೆ ನೋಡಬಹುದು.

೩. ‘ದ್ಜೊ’ ಶಬ್ದವಿಚಾರ

ಚಮರವು ತಗ್ಗಿನ ಬೆಚ್ಚನೆಯ ಕಣಿವೆಗಳಲ್ಲಿ ಬಾಡುವುದು. ಹಸುವು ಎತ್ತರದ ಚಳಿಯನ್ನು ತಾಳಲಾರದು. ಇವೆರಡರ ನಡುವಣ ಎತ್ತರದಲ್ಲಿ, ಬೇಸಾಯವೂ ಮಲೆಮೇವೂ ಒಟ್ಟಿಗೆ ನಡೆಯುವ ಲಡಾಖ್, ಲಾಹುಲ, ಸ್ಪಿತಿ, ನೇಪಾಳದ ಖುಂಬು ಮೊದಲಾದ ಪ್ರಾಂತಗಳಲ್ಲಿ, ಎರಡು ಜಾತಿಗಳ ಗುಣವೂ ಬೆರೆತ ಪಶುವು ಅಗತ್ಯವಾಗುವುದು. ಯಾಕಿನಿಂದ ಹಸುವಿನಲ್ಲಿಯೋ ಹೋರಿಯಿಂದ ಡ್ರಿಯಲ್ಲಿಯೋ ಹುಟ್ಟುವ ಈ ಸಂಕರಪಶುವೇ ದ್ಜೊ. ಹೆಣ್ಣಾದರೆ ಸ್ತ್ರೀಪ್ರತ್ಯಯವಾದ ‘ಮೊ’ ಸೇರಿ ದ್ಜೊಮೊ ಎನಿಸುವುದು. ದ್ಜೊ ಉಳುಮೆಗೂ ಹೇರಿಗೂ ಒದಗುವುದು. ಚಮರಕ್ಕಿಂತ ಸಾಧುವಾದುದು, ತಗ್ಗಿನ ದನಕ್ಕಿಂತ ಬಲವಾದುದು. ದ್ಜೊಮೊ ಡ್ರಿಗಿಂತ ಹೆಚ್ಚು ಹಾಲನ್ನು ಕೊಡುವುದು; ಡ್ರಿಯ ಹಾಲಾದರೋ ಹೆಚ್ಚು ಜಿಡ್ಡುಳ್ಳದ್ದು.

ಇಲ್ಲಿ ವೈಯಾಕರಣರು ಗಮನಿಸತಕ್ಕ ವಿಷಯವೊಂದುಂಟು. ಸಂಸ್ಕೃತದಲ್ಲಿ ಹೇಸರಗತ್ತೆಗೆ ಅಶ್ವತರವೆಂದು ಹೆಸರು. ಪಾಣಿನಿಯು ಐದನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ವತ್ಸ, ಉಕ್ಷ, ಅಶ್ವ, ಋಷಭ ಎಂಬ ಶಬ್ದಗಳ ಮೇಲೆ ತನುತ್ವವೆಂಬರ್ಥದಲ್ಲಿ ಪ್ರತ್ಯಯವನ್ನು ವಿಧಿಸಿ ಈ ರೂಪವನ್ನು ಸಾಧಿಸಿದನು. ತನುತ್ವವೆಂದರೆ ಕುಂದು. ಕುದುರೆಯಲ್ಲಿ ಕುದುರೆತನವು ಕುಂದಿರುವುದಕ್ಕೆ ಕಾರಣವು ತಂದೆಯು ಬೇರೆ ಜಾತಿಯವನಾಗಿರುವುದೇ ಎಂದು ವ್ಯಾಖ್ಯಾತೃಗಳು ಬಿಡಿಸಿ ಹೇಳಿರುವರು. ಆದುದರಿಂದ ಸಂಸ್ಕೃತದ ಹೆಸರು ಸಂಕರಪಶುವನ್ನು ಒಂದು ಜಾತಿಯ ಕೊರತೆಯಾಗಿ ನೋಡುವುದು. ಟಿಬೆಟಿನ ದ್ಜೊ ಎಂಬುದಾದರೋ ಯಾಕ್ ಶಬ್ದದಿಂದಲಾಗಲಿ ‘ಬ’ ಶಬ್ದದಿಂದಲಾಗಲಿ ಪ್ರತ್ಯಯದ ಮೂಲಕ ಹುಟ್ಟಿದುದಲ್ಲ. ಅದು ಸ್ವತಂತ್ರವಾದ ಪ್ರಕೃತಿ. ಕುಂದಿದ ಚಮರವೆಂದಾಗಲಿ ಕುಂದಿದ ಹಸುವೆಂದಾಗಲಿ ಆ ಜನರು ಅದನ್ನು ಎಣಿಸಲಿಲ್ಲ. ಸಂಕರದ ಮೊದಲ ತಲೆಮಾರು ಆ ನೆಲದಲ್ಲಿ ಮಾತಾಪಿತೃಗಳಿಬ್ಬರನ್ನೂ ಮೀರಿಸಬಲ್ಲದೆಂಬುದನ್ನು ಕಂಡವರಿಗೆ ಹಾಗೆಣಿಸಲು ಕಾರಣವೂ ಇರಲಿಲ್ಲ. ಮಂಗೋಲ ಭಾಷೆಯಲ್ಲಿಯೂ ಈ ಪಶುವಿಗೆ ‘ಖೈನಗ್’ ಎಂಬ ಪ್ರತ್ಯೇಕವಾದ ಹೆಸರಿದೆ.

ಸಂಕರಪಶುವಿನ ಹೆಸರು ಅನ್ಯವಿಷಯಗಳಿಗೆ ಹಬ್ಬುವುದಕ್ಕೆ ಭಾರತದಲ್ಲಿಯೂ ನಿದರ್ಶನವುಂಟು. ವೇಸರವೆಂಬುದು ಹೇಸರಗತ್ತೆಯನ್ನು ಹೇಳುವ ಶಬ್ದ. ಕನ್ನಡದ ಹೇಸರವು ಅದರ ತದ್ಭವ. ನಾಗರ ದ್ರಾವಿಡಗಳೊಡನೆ ಎಣಿಸಲ್ಪಡುವ ವೇಸರವೆಂಬ ದೇವಾಲಯಶೈಲಿಗೆ, ಎರಡೂ ಶೈಲಿಗಳ ಮಿಶ್ರಣವಾದುದರಿಂದಲೇ ಆ ಹೆಸರು ಬಂದಿತೆಂದು ವಿವರಿಸುವವರಿದ್ದಾರೆ.

೪. ತಲೆಮಾರುಗಳ ಹೆಸರು

ದ್ಜೊ ಮತ್ತು ದ್ಜೊಮೊಗಳಿಗೆ ಲಿಂಗಭೇದವನ್ನು ಮೀರಿದ ಒಂದು ದೊಡ್ಡ ಅಂತರವಿದೆ. ದ್ಜೊಮೊ ಗಬ್ಬವಾಗಿ ಈಯುವುದು, ದ್ಜೊ ಬಂಜೆ. ಚಮರಕ್ಕೂ ಗೋವಿಗೂ ಜೀವಕೋಶದ ವರ್ಣತಂತುಗಳು ಸಮಸಂಖ್ಯೆಯಲ್ಲಿ, ಎಂದರೆ ಅರುವತ್ತರಂತೆಯೇ, ಇದ್ದರೂ, ಸಂಕರದ ಗಂಡಿನಲ್ಲಿ ವೀರ್ಯಾಣುಗಳ ಉತ್ಪತ್ತಿಯು ನಡುವೆಯೇ ನಿಂತುಹೋಗುವುದು. ಎರಡು ಜಾತಿಗಳ ಸಂಕರದಲ್ಲಿ ಒಂದು ಲಿಂಗದ ಸಂತಾನವು ಮಾತ್ರ ಬಂಜೆಯಾದರೆ, ಅದು ಭಿನ್ನವಾದ ಲಿಂಗವರ್ಣತಂತುಗಳನ್ನುಳ್ಳ ಲಿಂಗವೇ ಆಗಿರುವುದೆಂಬ ನಿಯಮವನ್ನು ಜೆ. ಬಿ. ಎಸ್. ಹಾಲ್ಡೇನ್ ೧೯೨೨ರಲ್ಲಿ ಪ್ರತಿಪಾದಿಸಿದನು. ಪಶುಗಳಲ್ಲಿ ಆ ಲಿಂಗವು ಗಂಡು. ಈ ವಿಜ್ಞಾನಿಯು ೧೯೫೭ರಲ್ಲಿ ಭಾರತಕ್ಕೆ ಬಂದು ನೆಲಸಿ ೧೯೬೪ರಲ್ಲಿ ಭುವನೇಶ್ವರದಲ್ಲಿ ದಿವಂಗತನಾದನು. ನಿಯಮದ ಕಾರಣವನ್ನು ವಿಜ್ಞಾನವು ವಿಚಾರಿಸುವುದಕ್ಕೆ ಬಹು ಮೊದಲೇ ಅದರ ಫಲವು ಹಿಮಾಲಯದ ಗೊಲ್ಲರ ಮಾತಿನಲ್ಲಿ ಸೇರಿಹೋಗಿದ್ದಿತು. ದ್ಜೊ ಎಂದರೆ ದುಡಿಮೆ. ಅದರೊಡನೆ ವಂಶವು ಮುಗಿಯಿತು. ದ್ಜೊಮೊ ಎಂದರೆ ಹಾಲು. ಅದರ ವಂಶವು ಮುಂದುವರಿಯುವುದು, ಆದರೆ ಎತ್ತ ಮುಂದುವರಿಯುವುದೆಂಬ ಎಚ್ಚರವೂ ಬೇಕು.

ಹೇಗೆಂದರೆ, ದ್ಜೊಮೊಗೆ ಯಾಕಿನಿಂದಲೋ ಹೋರಿಯಿಂದಲೋ ಹುಟ್ಟಿದ ಕರುವು ದ್ಜೊ ಎನಿಸದು. ಅದಕ್ಕೆ ‘ರ್ತೊಲ್’ ಎಂಬ ಬೇರೆ ಹೆಸರುಂಟು, ಹೆಣ್ಣಾದರೆ ‘ರ್ತೊಲ್‌ಮೊ’. ಕೆಲವು ಪ್ರಾಂತಗಳಲ್ಲಿ ‘ಸ್ತೊಲ್’ ಎಂಬ ರೂಪವೂ ಕೇಳಿಬರುವುದು. ಮಂಗೋಲರು ಈ ಎರಡನೆಯ ತಲೆಮಾರನ್ನು ‘ಓರ್ತೋಮ್’ ಎನ್ನುವರು. ಮೊದಲ ತಲೆಮಾರಿನ ಹುರುಪು ಎರಡನೆಯದರಲ್ಲಿ ಇಳಿದುಹೋಗುವುದರಿಂದ ಇಂತಹ ಕರುಗಳನ್ನು ಗೊಲ್ಲರು ಸಾಮಾನ್ಯವಾಗಿ ಕೀಳಾಗಿ ಎಣಿಸುವರು. ಪಾಣಿನಿಯು ಹೇಳಿದ ತನುತ್ವವನ್ನು ಇಲ್ಲಿ ಎಲ್ಲಿಯಾದರೂ ಕಾಣಬೇಕಾದರೆ ದ್ಜೊವಿನಲ್ಲಲ್ಲ, ರ್ತೊಲ್‌ನಲ್ಲಿ ಕಾಣಬೇಕು. ಸಂತೆಯಲ್ಲಿ ಡ್ರಿಯೆಂದು ನಂಬಿ ದ್ಜೊಮೊವನ್ನು ಕೊಂಡವನಿಗೆ ಅಂದಿನ ಹಾಲಿಗೆ ನಷ್ಟವಿಲ್ಲದಿದ್ದರೂ ಮುಂದಣ ವರ್ಷಗಳ ಮಂದೆಯೇ ಕೆಡುವುದು. ಆದುದರಿಂದ ಈ ಹೆಸರುಗಳು ಅಲಂಕಾರಕ್ಕಾಗಿ ಹುಟ್ಟಿದ ಪರ್ಯಾಯಪದಗಳಲ್ಲ. ಬರೆದಿಡದೆ ಬಾಯಲ್ಲಿ ಉಳಿದ ವಂಶಾವಳಿಗಳು.

ಆದರೂ ಹೆಣ್ಣಿನ ವಂಶದ ಮೂಲಕ ಒಂದು ಜಾತಿಯ ರಕ್ತವು ಇನ್ನೊಂದಕ್ಕೆ ಸೇರುತ್ತಲೇ ಬಂದಿದೆ. ಮಂಗೋಲಿಯದ ಚಮರಗಳ ವಂಶಸೂತ್ರಗಳನ್ನು ಪರಿಶೀಲಿಸಿ ೨೦೧೭ರಲ್ಲಿ ಪ್ರಕಟಿಸಲಾದ ಸಂಶೋಧನೆಯೊಂದರಲ್ಲಿ, ಅವುಗಳಲ್ಲಿ ನೂರಕ್ಕೆ ಸುಮಾರು ೧.೩ ಭಾಗವು ಗೋಜಾತಿಯಿಂದ ಬಂದುದೆಂದು ಕಂಡುಬಂದಿದೆ.

ತಾಯಿಯು ಯಾವ ಜಾತಿಯದೆಂಬುದನ್ನು ಹೇಳಬೇಕಾದಾಗ ಸಮಾಸವನ್ನು ಮಾಡುವರು. ‘ಡ್ರಿ’ ಶಬ್ದವನ್ನು ಮುಂದಿಟ್ಟರೆ ಡ್ರಿಯಲ್ಲಿ ಹುಟ್ಟಿದ ದ್ಜೊ. ‘ಬ’ ಶಬ್ದವನ್ನು ಮುಂದಿಟ್ಟರೆ ಹಸುವಿನಲ್ಲಿ ಹುಟ್ಟಿದ ದ್ಜೊ. ನೇಪಾಳದ ಬೆಟ್ಟಗಳಲ್ಲಿ ‘ದಿಮ್ಜೊ’, ‘ಉರಾಂಗ್’ ಎಂಬ ಎರಡು ಬಗೆಯ ಸಂಕರಗಳನ್ನು ಹೇಳುವರು. ನಕ್, ಎಂದರೆ ಡ್ರಿ, ತಾಯಿಯಾಗಿರುವುದು ದಿಮ್ಜೊ. ಹಸು ತಾಯಿಯಾಗಿರುವುದು ಉರಾಂಗ್. ದಿಮ್ಜೊ ಎಂಬಲ್ಲಿಯ ಮಕಾರವು ಎಲ್ಲಿಂದ ಬಂದಿತೆಂದು ಕೇಳಿದರೆ, ಹದಿನಾಲ್ಕರ ಬಕಾರಕ್ಕೆ ಹೇಳಿದ ನಿಯಮವೇ ಉತ್ತರವಾಗಬಲ್ಲುದು. ದ್ಜೊ ಶಬ್ದದ ಆದಿಯಲ್ಲಿ ಬರೆಯಲ್ಪಟ್ಟು ನುಡಿಯಲ್ಲಿ ಅಡಗಿದ್ದ ಮಕಾರವು ‘ಡ್ರಿ’ ಎಂಬ ಪೂರ್ವಪದವು ಸೇರಿದೊಡನೆ ಹೊರಬಿದ್ದಿತೆಂದು ತಿಳಿಯುವುದು ಯುಕ್ತವಾಗಿದೆ. ಹೀಗೆ ಬರಹದ ಮೂಕಾಕ್ಷರವೊಂದು ಬೆಟ್ಟದ ಗೊಲ್ಲನ ಬಾಯಿಂದ ಸಾಕ್ಷಿ ನುಡಿಯುವುದು.

೫. ದೇಶಭೇದದಿಂದ ಅರ್ಥಭೇದ

ದ್ಜೊ ಶಬ್ದಕ್ಕೆ ಮುಖ್ಯವಾಗಿ ಎರಡರ್ಥಗಳು. ಗಂಡುಹೆಣ್ಣೆಂಬ ಭೇದವಿಲ್ಲದೆ ಸಂಕರಜಾತಿ ಎಂಬುದು ಮೊದಲನೆಯದು. ಸಂಕರದ ಗಂಡು ಎಂಬುದು ಎರಡನೆಯದು. ‘ಮೊ’ ಸೇರಿದ ಶಬ್ದವು ಹತ್ತಿರದಲ್ಲಿದ್ದರೆ ಎರಡನೆಯ ಅರ್ಥವನ್ನೂ, ಇಲ್ಲದಿದ್ದರೆ ಸಂದರ್ಭವನ್ನು ನೋಡಿ ಮೊದಲನೆಯದನ್ನೂ ಹಿಡಿಯಬೇಕು. ಗಂಡೆಂದೇ ಸ್ಪಷ್ಟಪಡಿಸಬೇಕಾದಲ್ಲಿ ‘ಫೊ’ ಎಂಬ ಪುಂವಾಚಕವನ್ನು ಸೇರಿಸುವರು. ಬಾಲ್ಟಿಸ್ಥಾನದ ಮುಸಲ್ಮಾನರು ಟಿಬೆಟ್ ಭಾಷಾವರ್ಗಕ್ಕೆ ಸೇರಿದ ತಮ್ಮ ಮಾತಿನಲ್ಲಿ ‘ಜ಼ೊ’, ‘ಜ಼ೊಮೊ’ ಎನ್ನುವ ರೂಪಗಳನ್ನು ಉಳಿಸಿಕೊಂಡಿದ್ದಾರೆ. ಖುಂಬುವಿನ ಶೆರ್ಪಾ ಜನರು ಗಂಡನ್ನು ‘ಜೊಪ್ಕ್ಯೊ’ ಎಂದೂ ಹೆಣ್ಣನ್ನು ‘ಜುಮ್’ ಎಂದೂ ಕರೆಯುವರು. ಹೋರಿಗಳಿಂದ ನಕ್‌ಗಳಲ್ಲಿ ಸಂಕರವನ್ನು ಪಡೆದು ಹೊರನಾಡುಗಳಿಗೆ ಮಾರುವುದು ಅವರ ಹಿಂದಿನ ಜೀವನೋಪಾಯಗಳಲ್ಲೊಂದಾಗಿದ್ದಿತು. ಭೂತಾನದಲ್ಲಿಯಾದರೋ ಸಂಕರವು ಇನ್ನೊಂದು ಕವಲಾಗಿ ಒಡೆದಿದೆ. ಅಲ್ಲಿ ಪೂರ್ವಹಿಮಾಲಯದ ಮಿಥುನ್ ಎಂಬ ದನಕ್ಕೂ ಊರ ಹಸುವಿಗೂ ಹುಟ್ಟಿದುದನ್ನು ‘ಜತ್ಸ’ ಎಂದೂ, ಅದರ ಹೆಣ್ಣನ್ನು ‘ಜತ್ಸಮ್’ ಎಂದೂ ಕರೆಯುವರು. ಚಮರಸಂಕರಕ್ಕೂ ಮಿಥುನ್‌ಸಂಕರಕ್ಕೂ ಒಂದೇ ಹೆಸರನ್ನು ಹೇಳುವುದಿಲ್ಲ.

೬. ‘ಗ್ಲಂಗ್’: ಎತ್ತೋ ಆನೆಯೋ

ಸಂಕರದ ಒಂದು ಪಕ್ಕದ ಪಿತೃವಾದ ಗ್ಲಂಗ್ ಶಬ್ದದ ನಾನಾರ್ಥವು ಪಂಡಿತರನ್ನೂ ಎಡವಿಸಬಲ್ಲುದು. ಹನ್ನೆರಡು ವರ್ಷಗಳ ಚಕ್ರದಲ್ಲಿ ಎರಡನೆಯ ವರ್ಷಕ್ಕೆ ಗ್ಲಂಗ್ ವರ್ಷವೆಂದು ಹೆಸರು, ಅಲ್ಲಿ ಎತ್ತೆಂಬರ್ಥ. ‘ಬ’ ಶಬ್ದದೊಡನೆ ಸೇರಿ ‘ಬಲಂಗ್’ ಎಂದಾದಾಗ ಸಂಸ್ಕೃತದ ಗೋಶಬ್ದಕ್ಕೆ ಸಮಾನವಾಗಿ ಸಾಮಾನ್ಯ ದನವನ್ನು ಹೇಳುವುದು. ಬೌದ್ಧರ ಭೂಗೋಳದಲ್ಲಿ ಪಶ್ಚಿಮದ ಗೋದಾನೀಯದ್ವೀಪದ ಹೆಸರನ್ನು ಅನುವಾದಿಸಿದವರು ಈ ಪದವನ್ನೇ ಬಳಸಿದರು. ಆದರೆ ಮಹತ್ತೆಂಬರ್ಥದ ‘ಛೆನ್’ ಅಥವಾ ‘ಛೆ’ ಸೇರಿ ‘ಲಂಗ್‌ಛೆನ್’, ‘ಲಂಗ್‌ಪೊಛೆ’ ಎಂದಾದರೆ ಅದು ಆನೆ. ಬಿಡಿಯಾಗಿ ನೋಡಿದರೆ ಮಹಾವೃಷಭವೆಂಬಂತೆ ತೋರುವ ಈ ಪದದಿಂದಲೇ ಹಸ್ತಿ, ಗಜ, ನಾಗ ಮೊದಲಾದ ಸಂಸ್ಕೃತಶಬ್ದಗಳನ್ನು ಅನುವಾದಿಸಿದ್ದಾರೆ.

ಅಷ್ಟೇ ಆಗಿದ್ದರೆ ತೊಡಕಿರುತ್ತಿರಲಿಲ್ಲ. ಸಮಾಸಗಳಲ್ಲಿ ವಿಶೇಷಣವು ಬಿಟ್ಟುಹೋಗಿ ಗ್ಲಂಗ್ ಎಂಬುದೊಂದೇ ಆನೆಯನ್ನು ಹೇಳುವುದೂ ಉಂಟು. ಬೌದ್ಧ ತರ್ಕಶಾಸ್ತ್ರದ ಪ್ರವರ್ತಕನಾದ ದಿಙ್ನಾಗಾಚಾರ್ಯನಿಗೆ ಟಿಬೆಟಿನಲ್ಲಿ ‘ಫ್ಯೊಗ್ಸ್-ಗ್ಲಂಗ್’ ಎಂದು ಹೆಸರು. ದಿಕ್ಕು, ಆನೆ ಎಂಬೆರಡು ಪದಗಳ ಅನುವಾದವಿದು. ಎತ್ತೆಂಬ ಒಂದೇ ಅರ್ಥವನ್ನು ಬಲ್ಲವನು ಇದನ್ನೋದಿದರೆ ಆಚಾರ್ಯನು ದಿಕ್ಕಿನ ಎತ್ತಾಗಿ ಪರಿಣಮಿಸುವನು.

ಇಲ್ಲಿ ಉಪಮಾನದ ದೃಷ್ಟಾಂತವು ಮತ್ತೆ ನೆನಪಿಗೆ ಬರುವುದು. ಟಿಬೆಟಿನ ಪ್ರಸ್ಥಭೂಮಿಯಲ್ಲಿ ಆನೆಗಳಿಲ್ಲ. ಆನೆಯು ಅವರಿಗೆ ದೂರದ ದೇಶದ ಪ್ರಾಣಿ. ಆದುದರಿಂದ ಹತ್ತಿರದ ಎತ್ತಿನ ಸಾದೃಶ್ಯದಿಂದ ಅದನ್ನು ಗುರುತಿಸಿದಂತೆ ಈ ಪದವು ತೋರುವುದು. ದೂರದ ಪ್ರಾಣಿಗೆ ಹೋಲಿಕೆಯಿಂದ ಹೆಸರು. ಮನೆಯ ಪ್ರಾಣಿಗೆ ಹುಟ್ಟಿನಿಂದ ಹೆಸರು. ಈ ಭೇದವೇ ಪ್ರಕೃತ ಶಬ್ದಸಮೂಹದ ಕೀಲಿಕೈ.

೭. ದನವೂ ಧನವೂ

ಸಂಕರ, ಚಮರ, ಗೋವು ಎಂಬ ಎಲ್ಲವನ್ನೂ ಒಟ್ಟಿಗೆ ಹೇಳಬೇಕಾದಾಗ ಬರುವ ಶಬ್ದಗಳ ಅರ್ಥವು ಇನ್ನೊಂದು ದಿಕ್ಕಿಗೆ ಹರಡಿದೆ. ‘ನೊರ್’ ಎಂಬುದಕ್ಕೆ ಗ್ರಂಥಭಾಷೆಯಲ್ಲಿ ಸಂಪತ್ತೆಂದರ್ಥ. ಅದಕ್ಕೆ ‘ಬು’ ಸೇರಿದರೆ ರತ್ನ. ಪೂರ್ವದ ಖಮ್ ಮತ್ತು ಆಮ್ದೊ ಪ್ರಾಂತಗಳ ಗೊಲ್ಲರಲ್ಲಿ ಅದೇ ನೊರ್ ಎಂದರೆ ದನ, ವಿಶೇಷವಾಗಿ ಚಮರಗಳು. ‘ಜ಼ೊಗ್’ ಎಂಬುದಕ್ಕೆ ಗ್ರಂಥಗಳಲ್ಲಿ ಸರಕು ಎಂದರ್ಥ. ಆಮ್ದೊ ಪ್ರಾಂತದ ಮೇವುಗಾವಲಿನಲ್ಲಿ ಅದಕ್ಕೂ ದನವೆಂದೇ ಅರ್ಥ. ಪಶುಸಾಮಾನ್ಯವನ್ನು ಹೇಳುವ ‘ಫ್ಯುಗ್ಸ್’ ಎಂಬುದೂ, ಐಶ್ವರ್ಯವಂತನನ್ನು ಹೇಳುವ ‘ಫ್ಯುಗ್-ಪೊ’ ಎಂಬುದೂ ಒಂದೇ ಬೇರಿನವು. ಲ್ಯಾಟಿನ್ ಭಾಷೆಯಲ್ಲಿ ಪಶುವಾಚಕದಿಂದ ಹಣವಾಚಕವು ಹುಟ್ಟಿರುವುದು ಪ್ರಸಿದ್ಧವಾಗಿದೆ. ಕನ್ನಡಿಗರಿಗೆ ದೂರ ಹೋಗಬೇಕಾಗಿಲ್ಲ. ದನವೆಂಬ ಮಾತು ಧನಶಬ್ದದ ತದ್ಭವವೆಂದೇ ಗಣಿಸಲ್ಪಟ್ಟಿದೆ. ಅದರ ಅರ್ಥವು ಸಂಪತ್ತಿನಿಂದ ಪಶುವಿಗೆ ಬಂದು ಅಲ್ಲಿಯೇ ನೆಲಸಿತು. ಪರಸ್ಪರ ಸಂಬಂಧವಿಲ್ಲದ ಭಾಷೆಗಳಲ್ಲಿ ಒಂದೇ ಬಗೆಯ ಅರ್ಥಸಂಚಾರವಾಗಿರುವುದರಿಂದ, ಇದಕ್ಕೆ ಕಾರಣವು ಪದಗಳ ಎರವಲಲ್ಲ, ಬಾಳಿನ ಸಾಮ್ಯವೆಂದು ತಿಳಿಯತಕ್ಕದ್ದು. ಗೋಧನವನ್ನೇ ಧನವೆಂದು ಎಣಿಸಿದವರು ಎಲ್ಲಿದ್ದರೂ ಹೀಗೆಯೇ ನುಡಿಯುವರು.

ಇದರಿಂದ ಓದುಗರಿಗೆ ಬರುವ ತೊಂದರೆಯೂ ಉಂಟು. ಮಠಕ್ಕೆ ನೊರ್ ಕೊಟ್ಟರೆಂಬ ವಾಕ್ಯವು ಬಂದಾಗ, ಕೊಟ್ಟುದು ಹಣವೋ ಮಂದೆಯೋ ಎಂಬುದನ್ನು ಬರೆದವನ ಪ್ರಾಂತವನ್ನೂ ವಾಕ್ಯದ ಉಳಿದ ಭಾಗವನ್ನೂ ನೋಡಿಯೇ ನಿಶ್ಚಯಿಸಬೇಕಾಗುವುದು.

೮. ಬಾಲವನ್ನು ಮಾತ್ರ ಕಂಡವರು

ಈಗ ಭಾರತದ ಕಡೆಯಿಂದ ನೋಡಬಹುದು. ಅಮರಸಿಂಹನು ಚಮರವನ್ನು ಸಿಂಹಾದಿವರ್ಗದಲ್ಲಿ ಕೃಷ್ಣಸಾರ, ರುರು ಮೊದಲಾದ ಜಿಂಕೆಗಳ ಸಾಲಿನಲ್ಲಿ ಎಣಿಸಿದನು. ಕಾಳಿದಾಸನು ಕುಮಾರಸಂಭವದ ಪ್ರಥಮಸರ್ಗದಲ್ಲಿ, ಚಮರಿಗಳು ತಮ್ಮ ಬಾಲಗಳನ್ನು ಬೀಸುತ್ತ ಹಿಮವಂತನಿಗಿರುವ ಗಿರಿರಾಜನೆಂಬ ಹೆಸರನ್ನು ಸಾರ್ಥಕಪಡಿಸುವುವೆಂದು ವರ್ಣಿಸಿದನು. ಬಯಲುನಾಡಿನವರಿಗೆ ಈ ಪ್ರಾಣಿಯಿಂದ ದೊರೆತುದು ಅದರ ಬಾಲದ ಕೂದಲು ಮಾತ್ರ. ಅರಸರ ಇಕ್ಕೆಲದಲ್ಲಿ ಬೀಸುವ ಚಾಮರವು ಅದರಿಂದಾಯಿತು. ಕರ್ಣಾಟಕದ ದೇವಾಲಯಗಳ ಚಾಮರಧಾರಿಣಿಯರ ಕೈಯಲ್ಲಿರುವುದು ಇದೇ. ಹೆಣ್ಣುಮಕ್ಕಳು ಜಡೆಗೆ ಸೇರಿಸಿಕೊಳ್ಳುವ ಚವರಿ ಅಥವಾ ಚೌರಿ ಎಂಬುದೂ ಮಕಾರವು ವಕಾರವಾಗಿ ಬಂದ ಇದರ ತದ್ಭವವೇ. ಹಿಮಾಲಯದ ತಪ್ಪಲಿನಲ್ಲಿ ಈ ಶಬ್ದವು ಪ್ರಾಣಿಯನ್ನು ಬಿಡಲಿಲ್ಲ. ನೇಪಾಳಿ ಭಾಷೆಯಲ್ಲಿ ‘ಚೌಂರಿ’ ಎಂದರೆ ಇಂದಿಗೂ ಹಾಲು ಕರೆಯುವ ಚಮರಿ ಅಥವಾ ಅದರ ಸಂಕರ. ಹೀಗೆ ಒಂದೇ ಶಬ್ದವು ಬೆಟ್ಟದಲ್ಲಿ ಹಸುವಾಗಿಯೂ ಬಯಲಿನಲ್ಲಿ ಕೂದಲಾಗಿಯೂ ಉಳಿಯಿತು.

ಟಿಬೆಟಿನ ಅನುವಾದಕರು ಇದನ್ನು ಚೆನ್ನಾಗಿ ಗ್ರಹಿಸಿದರು. ಜಂಬೂದ್ವೀಪದ ಪಕ್ಕದಲ್ಲಿರುವುದೆಂದು ಬೌದ್ಧಗ್ರಂಥಗಳು ಹೇಳುವ ಚಾಮರವೆಂಬ ಉಪದ್ವೀಪದ ಹೆಸರನ್ನು ಅನುವಾದಿಸುವಾಗ ಯಾಕ್, ಡ್ರಿ, ಡ್ರೊಂಗ್ ಎಂಬ ಮೂರು ಪ್ರಾಣಿವಾಚಕಗಳಲ್ಲಿ ಒಂದನ್ನೂ ಬಳಸದೆ, ಬಾಲದ ಬೀಸಣಿಗೆ ಎಂಬರ್ಥದ ‘ರ್ಙಯಬ್’ ಎಂಬ ಪದವನ್ನಿಟ್ಟರು. ಚಾಮರವೆಂದಾಗ ಭಾರತೀಯನ ಮನಸ್ಸಿನಲ್ಲಿ ಮೂಡುವುದು ಪ್ರಾಣಿಯಲ್ಲ, ವಸ್ತುವೆಂಬುದು ಅವರಿಗೆ ತಿಳಿದಿದ್ದಿತು.

೯. ಮಿಶ್ರಣದ ನಿಂದೆ

ಸಂಕರವೆಂದರೆ ಕೀಳೆಂಬ ಭಾವನೆಯು ಟಿಬೆಟಿಗರಲ್ಲಿ ಇಲ್ಲವೇ ಎಂದು ಆಕ್ಷೇಪಿಸಬಹುದು. ಇದೆ, ಆದರೆ ಅದಕ್ಕೆ ಬೇರೆ ಮಾತುಂಟು. ಅತ್ತ ಆಡೂ ಅಲ್ಲ, ಇತ್ತ ಕುರಿಯೂ ಅಲ್ಲ ಎಂಬರ್ಥದ ‘ರ-ಮ-ಲುಗ್’ ಎಂಬ ಪದವನ್ನು ಹದಗೆಟ್ಟ ಮಿಶ್ರಣಗಳಿಗೆ ಹೇಳುವರು. ಟಿಬೆಟ್ ಭಾಷೆಯೊಡನೆ ಚೀನೀಪದಗಳನ್ನು ಬೆರೆಸಿ ಆಡುವ ನಗರದ ಮಾತಿಗೆ ಇದೇ ಪದದಿಂದ ಹೆಸರು ಬಂದಿದೆ. ನಿಂದೆಗೆ ಆಡುಕುರಿಗಳ ಹೆಸರು ಒದಗಿತು. ದ್ಜೊ ತನ್ನ ದುಡಿಮೆಯಿಂದ ಗೌರವವನ್ನು ಉಳಿಸಿಕೊಂಡಿತು.

೧೦. ಉಪಸಂಹಾರ

೧೮೩೪ರಲ್ಲಿ ಕಲ್ಕತ್ತೆಯಲ್ಲಿ ಪ್ರಕಟವಾದ ಚೋಮ ದೆ ಕೊರೊಸ್ ಪಂಡಿತನ ನಿಘಂಟು, ಲಾಹುಲದ ಕ್ಯೇಲಂಗಿನಲ್ಲಿದ್ದ ಯೆಷ್ಕೆ ಪಾದ್ರಿಯು ೧೮೮೧ರಲ್ಲಿ ಹೊರತಂದ ನಿಘಂಟು, ೧೯೦೨ರ ಶರಚ್ಚಂದ್ರ ದಾಸರ ನಿಘಂಟು ಇವೆಲ್ಲವೂ ಟಿಬೆಟ್ ಗ್ರಂಥಗಳನ್ನು ಓದುವವರಿಗೆ ಮಹೋಪಕಾರವನ್ನು ಮಾಡಿವೆ. ಆದರೆ ಒಂದು ಶಬ್ದಕ್ಕೆ ಒಂದು ಸಮಾನಪದವನ್ನಿಟ್ಟು ತೃಪ್ತಿಪಡುವ ಅನುವಾದಕನಿಗೆ ಯಾವ ನಿಘಂಟೂ ರಕ್ಷಣೆಯನ್ನು ಕೊಡಲಾರದು. ಯಾಕ್, ಡ್ರಿ, ದ್ಜೊ, ದ್ಜೊಮೊ, ರ್ತೊಲ್ ಎಂಬ ಐದನ್ನೂ ‘ಯಾಕ್’ ಎಂದು ಅನುವಾದಿಸಿದರೆ ವಾಕ್ಯವು ನಿಲ್ಲುವುದು, ಅರ್ಥವು ಬೀಳುವುದು. ಹಾಲು ಕೊಡುವುದಾವುದು, ಹೊರೆ ಹೊರುವುದಾವುದು, ವಂಶವು ಮುಂದುವರಿಯುವುದಾವುದು ಎಂಬ ಗೊಲ್ಲನ ಶಾಸ್ತ್ರವೆಲ್ಲವೂ ಅಳಿಸಿಹೋಗುವುದು.

ಈ ಶಾಸ್ತ್ರವು ಪುಸ್ತಕದಲ್ಲಿ ಅಲ್ಲ, ಮಂದೆಯ ನಡುವೆ ಉಳಿದಿರುವುದು. ಮಂದೆಯೇ ಕುಗ್ಗುತ್ತಿದೆ. ಭಾರತದಲ್ಲಿ ೨೦೧೨ರ ಜಾನುವಾರು ಗಣತಿಯಲ್ಲಿ ಸುಮಾರು ೭೭ ಸಾವಿರದಷ್ಟಿದ್ದ ಚಮರಗಳು ೨೦೧೯ರ ಗಣತಿಯಲ್ಲಿ ಸುಮಾರು ೫೮ ಸಾವಿರಕ್ಕೆ ಇಳಿದುವು. ಚಮರಗಳ ಅಧ್ಯಯನಕ್ಕಾಗಿಯೇ ಅರುಣಾಚಲಪ್ರದೇಶದ ದಿರಂಗ್‌ನಲ್ಲಿ ೧೯೮೯ರಿಂದ ರಾಷ್ಟ್ರೀಯ ಸಂಶೋಧನಕೇಂದ್ರವೊಂದಿದೆ. ಪಶುಗಳನ್ನು ಎಣಿಸಬಹುದು, ಸಾಕಬಹುದು. ಆದರೆ ಅವುಗಳ ತಾಯಿತಂದೆಗಳನ್ನು ಹೆಸರಿನಲ್ಲಿಯೇ ಹೇಳುತ್ತಿದ್ದ ಮಾತು ಒಮ್ಮೆ ಮರೆತುಹೋದರೆ ಅದನ್ನು ಮರಳಿ ಸಾಕಲಾಗದು.

ಕರ್ಣಾಟಕಕ್ಕೂ ಈ ವಿಚಾರಕ್ಕೂ ಇರುವ ಸಂಬಂಧವು ಇಲ್ಲಿಯೇ ಇದೆ. ೧೯೬೦ರಿಂದ ಮೊದಲ್ಗೊಂಡು ಬೈಲಕುಪ್ಪೆ, ಮುಂಡಗೋಡು, ಹುಣಸೂರು, ಕೊಳ್ಳೇಗಾಲ ಪ್ರಾಂತಗಳಲ್ಲಿ ಟಿಬೆಟಿಗರ ವಸತಿಗಳು ಏರ್ಪಟ್ಟುವು. ಸೆರಾ ಮಹಾವಿಹಾರವು ಬೈಲಕುಪ್ಪೆಯಲ್ಲಿಯೂ ಡ್ರೆಪುಂಗ್, ಗಂದೆನ್ ಮಹಾವಿಹಾರಗಳು ಮುಂಡಗೋಡಿನಲ್ಲಿಯೂ ಪುನಃಸ್ಥಾಪಿತವಾದುವು. ದಿಙ್ನಾಗ ಧರ್ಮಕೀರ್ತಿಗಳ ಪ್ರಮಾಣಶಾಸ್ತ್ರವು ಅಲ್ಲಿ ವಾದಾಂಗಣಗಳಲ್ಲಿ ಅಭ್ಯಾಸವಾಗುತ್ತಿದೆ. ಆ ಬಿಸಿಲಿನಲ್ಲಿ ಚಮರವು ಬಾಳದು. ಡ್ರಿಯೂ ದ್ಜೊಮೊವೂ ಅಲ್ಲಿ ಕೇವಲ ಶಬ್ದಗಳು. ಅದಕ್ಕೆ ಬದಲಾಗಿ ಹುಣಸೂರಿಗೆ ಹತ್ತಿರವಾದ ಕಾಡುಗಳಲ್ಲಿ ಲಂಗ್‌ಪೊಛೆ, ಎಂದರೆ ಆನೆ, ಪ್ರತ್ಯಕ್ಷವಾಗಿ ಸಂಚರಿಸುತ್ತಿದೆ. ಪೂರ್ವಿಕರು ಕಾಣದೆ ಹೆಸರಿಸಿದ ಪ್ರಾಣಿಯು ಕಣ್ಣೆದುರಿಗಿದೆ. ಅವರು ದಿನವೂ ಕಂಡು ಹೆಸರಿಸಿದ ಪ್ರಾಣಿಯು ಕಣ್ಮರೆಯಾಗಿದೆ. ಅಲ್ಲಿ ಹುಟ್ಟಿ ಬೆಳೆದ ಮಗುವು ದ್ಜೊ ಎಂದರೇನೆಂದು ಕೇಳಿದರೆ, ಹಸುವಿನಂತೆಯೂ ಚಮರದಂತೆಯೂ ಇರುವುದೆಂದು ಹಿರಿಯರು ಹೇಳಬೇಕಾಗುವುದು. ಗವಯವನ್ನು ಅರಿಯದ ಪಟ್ಟಣಿಗನಿಗೆ ಕಾಡಿನವನು ಕೊಟ್ಟ ಉತ್ತರವು ಅದೇ. ಆದರೆ ಆ ಪಟ್ಟಣಿಗನು ಮುಂದೊಂದು ದಿನ ಕಾಡಿಗೆ ಹೋಗಿ ಪ್ರಾಣಿಯನ್ನು ಕಂಡನು. ಕಂಡುದರಿಂದಲೇ ಅವನ ಜ್ಞಾನವು ಪೂರ್ಣವಾಯಿತು. ಕಾಣುವ ತನಕ ಶಬ್ದವನ್ನಾದರೂ ಅದರ ಎಲ್ಲ ಅರ್ಥಗಳೊಡನೆ ಕೆಡದಂತೆ ಕಾಪಾಡಿಕೊಳ್ಳುವುದು ಶಬ್ದವನ್ನು ನಂಬಿದವರ ಕರ್ತವ್ಯವಾಗಿದೆ.